ಹಸ್ತ ಮಳೆಯಿಂದ ವಿಶಾಖದವರೆಗೆ: ಪಾಲಿನ ಬುಟ್ಟಿ ಕೊಡುವ ತೋಟದಲ್ಲಿ ಕೊಯ್ಲು ಮಾಡುವ ಕ್ರಮ

ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹುಟ್ಟಿದಾಗಿನಿಂದ ನವೆಂಬರ್ ಮಧ್ಯದ ವಿಶಾಖದವರೆಗೆ ಬಯಲುಸೀಮೆಯ ತರಕಾರಿ ತೋಟದಲ್ಲಿ ಎಲ್ಲ ಬೆಳೆಯೂ ಒಟ್ಟಿಗೇ ಕೈಗೆ ಬರುತ್ತದೆ. ಮುಂಗಾರಿನಲ್ಲಿ ಹಾಕಿದ ಕುಂಬಳ, ಗೆಣಸು, ಈರುಳ್ಳಿ, ಕಡಲೆಕಾಯಿ ಬಲಿತು ನಿಂತಿರುತ್ತವೆ. ಬೆಂಡೆ, ಹೀರೆ, ಬೀನ್ಸ್ ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತವೆ. ಇದರ ಮೇಲೆ ಮಳೆ. ಬೆಂಗಳೂರಿನ ಸುತ್ತಮುತ್ತ ವರ್ಷದಲ್ಲೇ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ.

ಮಂಡಿಗೆ ಹಾಕುವವರು ಬೆಳೆ ಬಲಿತ ದಿನ ಕೊಯ್ದು ಗಾಡಿಗೆ ಏರಿಸಿದರೆ ಆ ಬೆಳೆಯ ಕೆಲಸ ಮುಗಿಯಿತು. ಪಾಲಿನ ಬುಟ್ಟಿ ಕೊಡುವ ತೋಟಕ್ಕೆ ಅಷ್ಟು ಸಲೀಸಿಲ್ಲ. ಹಂಗಾಮಿಗೆ ಮುಂಚೆಯೇ ದುಡ್ಡು ಕಟ್ಟಿದ ಮನೆಗಳಿಗೆ ವಾರ ತಪ್ಪದೆ ಬುಟ್ಟಿ ಹೋಗಬೇಕು, ಜಡಿಮಳೆ ಹಿಡಿದ ವಾರವೂ ಹೋಗಬೇಕು. ಹಾಗಾಗಿ ಬುಟ್ಟಿಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಯಾವುದನ್ನು ಯಾವತ್ತು ಕೊಯ್ಯಬೇಕೆಂದು ಗೊತ್ತು ಮಾಡಬೇಕು. ಇಲ್ಲಿನ ಲೆಕ್ಕವೆಲ್ಲ ಎರಡು ಮೂರು ಎಕರೆ ನೀರಾವರಿ ಜಮೀನು, ದುಡಿಯುವ ಮನೆಮಂದಿ, ಇಬ್ಬರು ಆಳು, 40 ಪಾಲುದಾರ ಮನೆ ಇರುವ ತೋಟಕ್ಕೆ.

ಮೊದಲು ಅಂದಾಜು

40 ಮನೆಯನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಬುಧವಾರಕ್ಕೆ 20, ಶನಿವಾರಕ್ಕೆ 20 ಎಂದು ಒಡೆಯಿರಿ. ಬೆಂಡೆ, ಹೀರೆ, ಸೌತೆಯನ್ನು ವಾರಕ್ಕೆ ಮೂರು ಸಲ ಕೊಯ್ಯಲೇಬೇಕು. ವಾರಕ್ಕೆ ಒಂದೇ ಬುಟ್ಟಿ ದಿನವಿದ್ದರೆ ಎರಡು ಕೊಯ್ಲಿನ ಮಾಲು ಬಾಡುತ್ತಾ ಬಿದ್ದಿರುತ್ತದೆ. ಬಲಿತ ಕಾಯಿ ಬಳ್ಳಿಯಲ್ಲೇ ಉಳಿದರೆ ಬಳ್ಳಿ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ, ಮುಂದಿನ ವಾರದ ಬುಟ್ಟಿಗೂ ಪೆಟ್ಟು.

ಬುಟ್ಟಿಗೆ ಎರಡು ದಿನ ಮುಂಚೆ ಪುಸ್ತಕ, ತಕ್ಕಡಿ ಹಿಡಿದು ತೋಟ ಸುತ್ತಿ. ಕಣ್ಣಂದಾಜು ಯಾವಾಗಲೂ ಹೆಚ್ಚೇ ಹೇಳುತ್ತದೆ. ಬೀನ್ಸ್ ಸಾಲಿನ ನಡುವೆ 3 ಮೀಟರ್ ಉದ್ದ ಅಳೆದು, ಅಷ್ಟರಲ್ಲಿ ಕೊಯ್ಯುವಂತಿರುವ ಕಾಯನ್ನೆಲ್ಲ ಬಿಡಿಸಿ ತೂಗಿ. 900 ಗ್ರಾಂ ಬಂದರೆ 60 ಮೀಟರ್ ಸಾಲಿಗೆ 18 ಕೆಜಿ. ಹುಳುಕು, ಸೊಟ್ಟ, ಬಲಿತದ್ದು ಎಂದು ಶೇ 15 ಕಳೆಯಿರಿ, 15 ಕೆಜಿ ಉಳಿಯಿತು. 20 ಮನೆಗೆ ಅರ್ಧರ್ಧ ಕೆಜಿಯಂತೆ 10 ಕೆಜಿ ಸಾಕು, ಮಿಕ್ಕಿದ್ದು ಸಂತೆಗೆ. ಸಾಲಿನ ತುದಿಯಲ್ಲಿ ತೂಗಬೇಡಿ. ಬದುವಿನ ನೆರಳು ಅಥವಾ ನೀರಿನ ಹೆಚ್ಚುಕಡಿಮೆಯಿಂದ ಅಲ್ಲಿನ ಇಳುವರಿ ನಡುಸಾಲಿನಂತಿರುವುದಿಲ್ಲ.

ನಾಲ್ಕು ಜನರ ಮನೆಗೆ ವಾರಕ್ಕೆ ಐದೂವರೆಯಿಂದ ಆರು ಕೆಜಿ ಬೇಕು. ಅಕ್ಟೋಬರಿನ ಒಂದು ಬುಟ್ಟಿ ಹೀಗಿರಬಹುದು: ಟೊಮ್ಯಾಟೊ 1 ಕೆಜಿ, ಈರುಳ್ಳಿ 1 ಕೆಜಿ, ಹೀರೆ ಅಥವಾ ಸೋರೆ ಮುಕ್ಕಾಲು ಕೆಜಿ, ಗೆಣಸು ಅಥವಾ ಕುಂಬಳ ಮುಕ್ಕಾಲು ಕೆಜಿ, ಬೀನ್ಸ್, ಬದನೆ, ಮೂಲಂಗಿ ಅರ್ಧರ್ಧ ಕೆಜಿ, ಎರಡು ಕಟ್ಟು ಸೊಪ್ಪು, 100 ಗ್ರಾಂ ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು. ತೂಕ ಕೂಡಿದರೆ ಸಾಲದು. ಎರಡು ದಿನದ ಹುಳಿ, ಮೂರು ದಿನದ ಪಲ್ಯ, ಒಂದು ಮಸ್ಸೊಪ್ಪು ಆಗುವಂತಿದೆಯೇ ಎಂದು ಅಡುಗೆ ಮಾಡುವವರ ಕಣ್ಣಿನಿಂದ ನೋಡಿ. ಮೂರು ಬಗೆ ಗೆಡ್ಡೆ, ಒಂದೂ ಸೊಪ್ಪಿಲ್ಲದ ಆರು ಕೆಜಿ ಬುಟ್ಟಿ ಯಾರಿಗೂ ರುಚಿಸುವುದಿಲ್ಲ.

ಹಬ್ಬಗಳನ್ನೂ ಅಂದಾಜಿನ ಪುಸ್ತಕದಲ್ಲಿ ಬರೆದುಕೊಳ್ಳಿ. ಪಿತೃಪಕ್ಷದಲ್ಲಿ ಹಲವು ಮನೆಗಳಿಗೆ ಈರುಳ್ಳಿ ಬೇಡ, ಬಾಳೆಕಾಯಿ, ಹಾಗಲ, ಗೆಣಸು ಬೇಕು. ಆಯುಧಪೂಜೆಯ ವಾರ ಮನೆಗೊಂದು ಬೂದುಗುಂಬಳ ಕೊಡಬಲ್ಲ ತೋಟಕ್ಕೆ ಸದಸ್ಯರು ತಪ್ಪಿಹೋಗುವುದಿಲ್ಲ. ಪೇಟೆಯಲ್ಲಿ ಅವತ್ತಿನ ಬೆಲೆ ಎಲ್ಲರಿಗೂ ಗೊತ್ತಿರುವುದೇ. ತುಳಸಿ ಹಬ್ಬಕ್ಕೆ ಬದುವಿನ ಬೆಟ್ಟದನೆಲ್ಲಿಯ ಒಂದು ರೆಂಬೆಯನ್ನು ಕಾಯಿ ಸಮೇತ ಬುಟ್ಟಿಯಲ್ಲಿಡಿ.

ಮೊದಲೇ ಕೊಯ್ದು ಇಡುವ ಬೆಳೆಗಳು

ಕುಂಬಳ, ಗೆಣಸು, ಈರುಳ್ಳಿ ಮೂರೂ ಈ ಹಂಗಾಮಿನ ಬಂಡವಾಳ. ಇವನ್ನು ಬಿಸಿಲಿರುವ ವಾರದಲ್ಲಿ ಕೊಯ್ದು ಹದ ಮಾಡಿಟ್ಟರೆ ಮಳೆಯ ವಾರದ ಬುಟ್ಟಿ ನಿಲ್ಲುತ್ತದೆ.

ಸಿಹಿಕುಂಬಳ ಬಲಿತಿದೆಯೇ ಎಂದು ತೊಟ್ಟು ನೋಡಿ ಹೇಳಬೇಕು, ಬಣ್ಣ ಮೋಸ ಮಾಡುತ್ತದೆ. ಹಸಿರಾಗಿ ರಸ ತುಂಬಿದ್ದ ತೊಟ್ಟು ಒಣಗಿ, ಗೀರು ಗೀರಾಗಿ ಬಿರಟೆಯಂತಾಗಿರಬೇಕು. ಹೆಬ್ಬೆರಳ ಉಗುರನ್ನು ಸಿಪ್ಪೆಗೆ ಒತ್ತಿದರೆ ಇಳಿಯಬಾರದು. ನೆಲಕ್ಕೆ ತಾಗಿದ ಜಾಗ ಬಿಳಿ ಹೋಗಿ ಹಳದಿ ಬಂದಿರಬೇಕು. ಎರಡು ಮೂರು ಇಂಚು ತೊಟ್ಟು ಬಿಟ್ಟು ಕತ್ತರಿಯಲ್ಲಿ ಕತ್ತರಿಸಿ. ತಿರುಚಿ ಕಿತ್ತರೆ ತೊಟ್ಟು ಬುಡಕ್ಕೇ ಮುರಿದು, ಆ ಬಟ್ಟಲಿನಲ್ಲಿ ನೀರು ನಿಂತು, ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ತೊಟ್ಟು ಹಿಡಿದು ಎತ್ತಲೂಬಾರದು, ಎರಡು ಕೈಯಲ್ಲಿ ತಳ ಹಿಡಿದು ಎತ್ತಿ. ಗಾಳಿಯಾಡುವ ಜಗಲಿಯಲ್ಲಿ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಹತ್ತು ದಿನ ಇಟ್ಟರೆ ಸಿಪ್ಪೆ ಗಟ್ಟಿಯಾಗಿ ಗೀರುಗಳು ಮಾಯುತ್ತವೆ. ಹೀಗೆ ಹದವಾದ ಕಾಯಿ ಎರಡು ತಿಂಗಳು ಧಾರಾಳವಾಗಿ ಇರುತ್ತದೆ. ತೊಟ್ಟು ಹೋದದ್ದನ್ನು, ಪೆಟ್ಟಾದದ್ದನ್ನು ಬೇರೆ ಇಟ್ಟು ಅದೇ ವಾರ ಹೋಳು ಮಾಡಿ ಹಂಚಿ. ಬೂದುಗುಂಬಳಕ್ಕೆ ಮೈಮೇಲಿನ ಬೂದಿಯೇ ರಕ್ಷೆ. ಒರೆಸಬೇಡಿ, ತೊಳೆಯಬೇಡಿ.

ಗೆಣಸಿಗೆ ಮೂರೂವರೆಯಿಂದ ನಾಲ್ಕು ತಿಂಗಳು. ದಿನ ಎಣಿಸಿದ್ದು ಸಾಕಾಗದು, ಸಾಲಿಗೊಂದು ಗಿಡ ಬಗೆದು ಗೆಡ್ಡೆ ಅಡ್ಡ ಕತ್ತರಿಸಿ ನೋಡಿ. ಕತ್ತರಿಸಿದ ಕಡೆ ಹಾಲು ಜಿನುಗುತ್ತದೆ. ಬಲಿತಿದ್ದರೆ ಅದು ಬೆಳ್ಳಗೇ ಒಣಗುತ್ತದೆ, ಎಳೆಯದಿದ್ದರೆ ಸ್ವಲ್ಪ ಹೊತ್ತಿಗೆ ಹಸಿರುಗಪ್ಪಾಗುತ್ತದೆ. ಹದ ಬಂದರೆ ಒಂದು ವಾರ ನೀರು ನಿಲ್ಲಿಸಿ, ಮೂರು ದಿನ ಮುಂಚೆ ಬಳ್ಳಿ ಕತ್ತರಿಸಿ ದನಕ್ಕೆ ಹಾಕಿ, ಆಮೇಲೆ ಬುಡದಿಂದ ಒಂದಡಿ ದೂರಕ್ಕೆ ಗುದ್ದಲಿ ಹಾಕಿ ಮಣ್ಣು ಎಬ್ಬಿಸಿ. ಬುಡಕ್ಕೇ ಹಾಕಿದರೆ ಮೂರರಲ್ಲಿ ಒಂದಕ್ಕೆ ಗಾಯ. ಕಿತ್ತ ಗೆಡ್ಡೆಯ ಸಿಪ್ಪೆ ಬೆರಳು ಉಜ್ಜಿದರೂ ಸುಲಿಯುವಷ್ಟು ತೆಳು. ಬುಟ್ಟಿಯಿಂದ ಬುಟ್ಟಿಗೆ ಸುರಿಯಬೇಡಿ, ತೊಳೆಯಬೇಡಿ, ಬಿಸಿಲಿನಲ್ಲಿ ಬಿಡಬೇಡಿ. ಬೆಚ್ಚಗಿನ ಕೋಣೆಯಲ್ಲಿ ಅಡಿಗೆ ಹುಲ್ಲು, ಮೇಲೆ ನೀರು ಹಿಂಡಿದ ಗೋಣಿತಾಟು ಹೊದಿಸಿ ಐದಾರು ದಿನ ಇಡಿ. 30 ಡಿಗ್ರಿ ಆಸುಪಾಸಿನ ಸೆಕೆ, ಒಳ್ಳೆಯ ತೇವ ಇದ್ದರೆ ಗಾಯಗಳು ಬೇಗ ಮಾಯುತ್ತವೆ. ಕಿತ್ತ ದಿನ ಸಪ್ಪೆ ಎನಿಸುವ ಗೆಣಸು ಎರಡು ಮೂರು ವಾರ ಇಟ್ಟ ಮೇಲೆ ಸಿಹಿಯಾಗುತ್ತದೆ. ಆದ್ದರಿಂದ ಇವತ್ತು ಕಿತ್ತದ್ದು ಇದೇ ವಾರದ ಬುಟ್ಟಿಗೆ ಬೇಡ.

ಗೆಣಸನ್ನು ನೆಲದಲ್ಲೇ ಬಿಟ್ಟು ಬೇಕಾದಾಗ ಕೀಳೋಣ ಎಂದು ಹಲವರು ಯೋಚಿಸುತ್ತಾರೆ. ಮಳೆ ನಿಂತು ಸಾಲು ಬಿರುಕು ಬಿಟ್ಟ ಕೂಡಲೇ ಆ ಬಿರುಕಿನಲ್ಲಿ ಮೂತಿಹುಳು ಇಳಿದು ಗೆಡ್ಡೆಯಲ್ಲಿ ಮೊಟ್ಟೆ ಇಡುತ್ತದೆ. ಹುಳು ಕೊರೆದ ಗೆಣಸು ಕಹಿ, ಎಷ್ಟು ಬೇಯಿಸಿದರೂ ಕಹಿ ಹೋಗದು. ಬಿಡುವುದೇ ಆದರೆ ಸಾಲಿಗೆ ಮಣ್ಣು ಏರಿಸಿ ಬಿರುಕು ಮುಚ್ಚಿ. ಬೂಷ್ಟು ಹಿಡಿದ ಗೆಣಸನ್ನು ದನಕ್ಕೂ ಹಾಕಬಾರದು. ಅದರಲ್ಲಿ ಹುಟ್ಟುವ ವಿಷ ದನಗಳ ಶ್ವಾಸಕೋಶವನ್ನು ಕೆಡಿಸಿ ಜೀವ ತೆಗೆಯಬಲ್ಲದು. ಗುಂಡಿ ತೋಡಿ ಮುಚ್ಚಿ.

ಮುಂಗಾರಿನ ಈರುಳ್ಳಿ ಬೇಸಿಗೆಯದರಂತೆ ತಿಂಗಳುಗಟ್ಟಲೆ ಇರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ಮುಂಗಾರಿಗೆ ಹೇಳಿ ಮಾಡಿಸಿದ ತಳಿ. ಒಳ್ಳೆಯ ಗಾತ್ರ ಬರುತ್ತದೆ, ಆದರೆ ಅದನ್ನೂ ಬೇಗ ಖರ್ಚು ಮಾಡಬೇಕು. ಮಳೆಗಾಲದಲ್ಲಿ ಜುಟ್ಟು ತಾನಾಗಿ ಬೀಳದೆ ನೆಟ್ಟಗೇ ನಿಲ್ಲುವುದುಂಟು. ತುದಿ ಹಳದಿಯಾಗಿ ಗಡ್ಡೆ ಬಣ್ಣ ಕಟ್ಟಿದ್ದರೆ ಕೈಯಿಂದ ಜುಟ್ಟು ಬಾಗಿಸಿ, ನೀರು ನಿಲ್ಲಿಸಿ, ಕೆಲವು ದಿನ ಬಿಟ್ಟು ಕೀಳಿ. ಒಂದರ ಗಡ್ಡೆಯ ಮೇಲೆ ಇನ್ನೊಂದರ ಎಲೆ ಬರುವಂತೆ ಸಾಲಾಗಿ ಹರಡಿದರೆ ಗಡ್ಡೆಗೆ ನೇರ ಬಿಸಿಲು ತಾಗುವುದಿಲ್ಲ. ಮೂರು ನಾಲ್ಕು ದಿನ ಒಣಗಿದ ಮೇಲೆ ಒಂದು ಇಂಚು ಕುತ್ತಿಗೆ ಬಿಟ್ಟು ಕತ್ತರಿಸಿ ನೆರಳಿನಲ್ಲಿ ಮತ್ತೆ ಒಂದು ವಾರ ಆರಿಸಿ. ಕುತ್ತಿಗೆ ಹಿಸುಕಿದರೆ ಗಟ್ಟಿಯಾಗಿ ಒಣಗಿರಬೇಕು, ಮೆತ್ತಗಿದ್ದರೆ ಒಳಗಿನಿಂದ ಕೊಳೆಯುತ್ತದೆ. ದಪ್ಪ ಕುತ್ತಿಗೆಯವು, ಜೋಡುಗಡ್ಡೆ ಮೊದಲ ವಾರದ ಬುಟ್ಟಿಗೆ. ಹೊಲದಲ್ಲಿ ಹರಡಿದ್ದಾಗ ಮಳೆ ಬಂದರೆ ಟಾರ್ಪಾಲ್ ಹೊದಿಸಿ ಸುಮ್ಮನಿರಬೇಡಿ, ಒಳಗೆ ಬೆವತು ಹಾಳಾಗುತ್ತದೆ. ಎತ್ತಿ ತಂದು ಸೂರಿನಡಿ ತೆಳ್ಳಗೆ ಹರಡಿ.

ಕಡಲೆಕಾಯಿ

ಜೂನ್ ಕೊನೆ, ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ಅಕ್ಟೋಬರಿಗೆ ಬರುತ್ತದೆ. ಒಂದೆರಡು ಗಿಡ ಕಿತ್ತು ಹತ್ತು ಕಾಯಿ ಒಡೆಯಿರಿ. ಏಳರ ಸಿಪ್ಪೆಯ ಒಳಮೈ ಕಂದು ತಿರುಗಿದ್ದರೆ ಕೀಳುವ ಹೊತ್ತು. ಟಿಎಂವಿ-2 ಥರದ ಗೊಂಚಲು ತಳಿಗಳ ಬೀಜಕ್ಕೆ ನಿದ್ದೆಯ ಕಾಲವಿಲ್ಲ. ಬಲಿತ ಮೇಲೆ ಮಳೆ ಹಿಡಿದರೆ ನೆಲದಲ್ಲೇ ಮೊಳೆತುಬಿಡುತ್ತವೆ, ಅಂಥ ಬೆಳೆಯನ್ನು ಎರಡು ದಿನ ಮುಂಚಿತವಾಗಿ ಕಿತ್ತರೂ ನಷ್ಟವಿಲ್ಲ. ನೆಲ ಗಟ್ಟಿಯಿದ್ದರೆ ಕಾಯಿ ಕಳಚಿ ಮಣ್ಣಿನಲ್ಲಿ ಉಳಿಯುತ್ತವೆ, ಹದವಾದ ತೇವ ನೋಡಿ ಕೀಳಿ.

ಪಾಲುದಾರರಿಗೆ ಬೇಯಿಸಿ ತಿನ್ನಲು ಹಸಿ ಕಾಯಿಯೇ ಅಚ್ಚುಮೆಚ್ಚು. ಮಣ್ಣು ತೊಳೆದು, ನೀರು ಆರಿಸಿ, ಬಟ್ಟೆ ಚೀಲದಲ್ಲಿ ಮನೆಗೆ ಅರ್ಧ ಕೆಜಿ ಕೊಡಿ, ಎರಡು ದಿನದೊಳಗೆ ಬೇಯಿಸಲು ಹೇಳಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ರಾತ್ರಿ ಕಳೆಯುವುದರೊಳಗೆ ಕಾವು ಏರಿ ಬೂಷ್ಟು ಬರುತ್ತದೆ. ಒಣಗಿಸುವ ಪಾಲನ್ನು ಗಿಡ ತಲೆಕೆಳಗು ಮಾಡಿ, ಕಾಯಿ ಮೇಲೆ ಬರುವಂತೆ ಎರಡು ಮೂರು ದಿನ ಬಿಟ್ಟು, ಬಿಡಿಸಿ, ಕಣದಲ್ಲಿ ತೆಳ್ಳಗೆ ಹರಡಿ. ಅಲ್ಲಾಡಿಸಿದರೆ ಗಲಗಲ ಎನ್ನಬೇಕು, ಬೀಜ ಉಜ್ಜಿದರೆ ಸಿಪ್ಪೆ ಬಿಡಬೇಕು. ತೇವ ಶೇ 8–9ಕ್ಕೆ ಇಳಿಯದೆ ಮೂಟೆ ಕಟ್ಟಬೇಡಿ. ಅರೆ ಒಣಗಿದ ಕಾಯಿಯಲ್ಲಿ ಬರುವ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಒಡೆದ ಕಾಯಿ, ಗೆದ್ದಲು ಕೆರೆದ ಕಾಯಿ, ಸುಕ್ಕಿದ ಬೀಜವನ್ನು ಯಾರಿಗೂ ಕೊಡಬಾರದು, ಎಣ್ಣೆಗೂ ಬೇಡ.

ಬುಟ್ಟಿಯ ಹಿಂದಿನ ದಿನ

ಟೊಮ್ಯಾಟೊ ಎರಡು ದಿನ ಮುಂಚೆ, ಅರ್ಧ ಗುಲಾಬಿ ಬಣ್ಣ ತಿರುಗಿದಾಗ ಬಿಡಿಸಿ. ಗಿಡದಲ್ಲೇ ಪೂರ್ತಿ ಹಣ್ಣಾದರೆ ಮಳೆಗೆ ಬಿರಿಯುತ್ತದೆ, ಗಾಡಿಯಲ್ಲಿ ಜಜ್ಜುತ್ತದೆ. ಬೀನ್ಸ್ ಸಾಲಿಗೆ ಇಬ್ಬನಿ ಆರುವ ತನಕ ಕಾಲಿಡಬೇಡಿ. ಒದ್ದೆ ಎಲೆ ಮುಟ್ಟುತ್ತಾ ಹೋದರೆ ತುಕ್ಕುರೋಗ, ಚಿಬ್ಬುರೋಗವನ್ನು ಕೈಯಾರೆ ಸಾಲಿನುದ್ದಕ್ಕೂ ಹಂಚಿದಂತೆ. ಬೆಂಡೆಯ ತುದಿ ಲಟಕ್ಕನೆ ಮುರಿಯಬೇಕು. ಬದನೆಗೆ ಹೊಳಪಿರಬೇಕು, ಮಂಕಾದರೆ ಒಳಗೆ ಬೀಜ ಬಲಿತಿರುತ್ತದೆ. ಮೂಲಂಗಿ, ಬೀಟ್‌ರೂಟ್ ಕಿತ್ತ ತಕ್ಷಣ ಎಲೆ ಬೇರೆ ಮಾಡಿ, ಎಲೆ ಇದ್ದರೆ ಗೆಡ್ಡೆಯ ನೀರು ಹೀರುತ್ತದೆ. ಎಳೆ ಮೂಲಂಗಿ ಸೊಪ್ಪನ್ನು ಬೇರೆ ಕಟ್ಟಾಗಿ ಕೊಟ್ಟರೆ ಪಲ್ಯಕ್ಕಾಗುತ್ತದೆ.

ಹೆಚ್ಚಿನ ದೂರು ಬರುವುದು ಸೊಪ್ಪಿನ ಬಗ್ಗೆ. ಹಿಂದಿನ ಸಂಜೆ ಬಿಸಿಲು ಇಳಿದ ಮೇಲೆ ಅಥವಾ ಬುಟ್ಟಿ ದಿನದ ನಸುಕಿನಲ್ಲಿ ಕೊಯ್ಯಿರಿ. ದಂಟು, ಪಾಲಕ್, ಹರಿವೆಯನ್ನು ತಣ್ಣನೆ ಬೋರ್‌ವೆಲ್ ನೀರಿನಲ್ಲಿ ಐದು ನಿಮಿಷ ಅದ್ದಿ ಬಿಸಿ ಇಳಿಸಿ, ಬುಡ ಮೇಲೆ ಮಾಡಿ ತಂತಿಜಾಲರಿಯ ಮೇಲೆ ಅರ್ಧ ಗಂಟೆ ನೀರು ಸೋರಿಸಿ. ಈ ಅರ್ಧ ಗಂಟೆ ತಪ್ಪಿಸಿದರೆ ಮನೆ ಮುಟ್ಟುವ ಹೊತ್ತಿಗೆ ಕಟ್ಟಿನ ನಡುವಿನ ಎಲೆ ಲೋಳೆಯಾಗಿರುತ್ತದೆ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಅದ್ದಲೇಬೇಡಿ, ಬೇರಿನ ಮಣ್ಣು ಕೊಡವಿ ಒದ್ದೆ ಬಟ್ಟೆಯಲ್ಲಿ ಸುತ್ತಿ. ಅದ್ದುವ ನೀರು ಕದಡುವ ಮೊದಲೇ ಬದಲಿಸಿ, ಕೆರೆ ನೀರು ಬೇಡ. ಸೊಪ್ಪಿಗೆ ಜೀವಾಮೃತವನ್ನು ಬುಡಕ್ಕೆ ಮಾತ್ರ ಹಾಕಿ. ಸಗಣಿ, ಗಂಜಲದ ದ್ರಾವಣವನ್ನು ಹಸಿಯಾಗಿ ತಿನ್ನುವ ಎಲೆಯ ಮೇಲೆ ಸಿಂಪಡಿಸಬಾರದು.

ರಾತ್ರಿ ಕಳೆಯಲು ಕೋಲ್ಡ್ ರೂಮ್ ಬೇಕಿಲ್ಲ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ಕರೆಂಟ್ ಬೇಡದ ಇಟ್ಟಿಗೆ ತೊಟ್ಟಿ ಸಾಕು. ನೆರಳಿರುವ, ಗಾಳಿಯಾಡುವ ಕಡೆ 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲಕ್ಕೆ ಒಂದು ಪದರ ಇಟ್ಟಿಗೆ ಹಾಸಿ, ಅದರ ಮೇಲೆ 7.5 ಸೆಂ.ಮೀ. ಸಂದು ಬಿಟ್ಟು ಎರಡು ಗೋಡೆ, 67.5 ಸೆಂ.ಮೀ. ಎತ್ತರ. ಸಂದಿಗೆ ನೆನೆಸಿದ ಹೊಳೆಮರಳು ತುಂಬಿ, ಬಿದಿರಿನ ಚೌಕಟ್ಟಿಗೆ ಗೋಣಿ ಹೊಲಿದು ಮುಚ್ಚಳ ಮಾಡಿ. 400 ಇಟ್ಟಿಗೆ ಹಿಡಿಯುತ್ತದೆ, 100 ಕೆಜಿ ತರಕಾರಿ ಇಡಬಹುದು. ಬೆಳಿಗ್ಗೆ ಸಂಜೆ ಮರಳಿಗೆ ನೀರು ಕೊಡಿ. ಬಿರುಬಿಸಿಲಿನಲ್ಲಿ ಹೊರಗಿಗಿಂತ 10ರಿಂದ 15 ಡಿಗ್ರಿ ತಂಪಿರುತ್ತದೆ. ಜಡಿಮಳೆಯ ದಿನಗಳಲ್ಲಿ ನೀರು ಆವಿಯಾಗದ ಕಾರಣ ಇದರ ಉಪಯೋಗ ಕಡಿಮೆ. ಈರುಳ್ಳಿ, ಕುಂಬಳ, ಗೆಣಸನ್ನು ಇದರಲ್ಲಿ ಇಡಲೇಬಾರದು. ಹಣ್ಣಾಗುತ್ತಿರುವ ಟೊಮ್ಯಾಟೊ, ಬಾಳೆಹಣ್ಣನ್ನು ಸೊಪ್ಪಿನ ಜೊತೆ ಇಟ್ಟರೆ ಸೊಪ್ಪು ಬೇಗ ಹಳದಿಯಾಗುತ್ತದೆ.

ತುಂಬುವುದು, ಹಂಚುವುದು

20 ಕ್ರೇಟ್‌ಗಳನ್ನು ಸಾಲಾಗಿ ಇಟ್ಟು ಒಂದೊಂದೇ ತರಕಾರಿಯನ್ನು ಎಲ್ಲಕ್ಕೂ ಹಾಕುತ್ತಾ ಹೋಗಿ. ಒಂದು ಬುಟ್ಟಿ ಪೂರ್ತಿ ತುಂಬಿ ಇನ್ನೊಂದಕ್ಕೆ ಹೋಗುವ ಕ್ರಮದಲ್ಲಿ ಮೊದಲ ಮನೆಗಳಿಗೆ ಒಳ್ಳೆಯದೆಲ್ಲ ಹೋಗಿ, ಕೊನೆಯ ಮೂರು ಮನೆಗಳಿಗೆ ಕೊರೆ ಬೀಳುತ್ತದೆ. ತಳಕ್ಕೆ ಕುಂಬಳ, ಗೆಣಸು, ಈರುಳ್ಳಿ. ಅದರ ಮೇಲೆ ಸೋರೆ, ಮೂಲಂಗಿ, ಬದನೆ. ನಂತರ ಬೀನ್ಸ್, ಬೆಂಡೆ. ಟೊಮ್ಯಾಟೊ ಮೂಲೆಯಲ್ಲಿ, ತೊಟ್ಟಿನ ಕಡೆ ಕೆಳಗೆ. ಕೊನೆಗೆ ಸೊಪ್ಪು, ಮೇಲೆ ಒದ್ದೆ ಬಟ್ಟೆ. ಅರ್ಧ ಪಾಲಿನ ಮನೆಗಳ ಕ್ರೇಟ್‌ಗೆ ಬೇರೆ ಬಣ್ಣದ ದಾರ ಕಟ್ಟಿ, ಮೂವತ್ತು ಬಾರಿ ಎಣಿಸುವುದು ತಪ್ಪುತ್ತದೆ. ಮನೆಗೆ ಎರಡು ಬಟ್ಟೆ ಚೀಲವಿದ್ದರೆ ಒಂದು ಹೋಗುವಾಗ ಒಂದು ಬರುತ್ತದೆ. ಬಂದ ಚೀಲವನ್ನು ಒಗೆದು ಬಿಸಿಲಿಗೆ ಹಾಕದೆ ಮತ್ತೆ ತುಂಬಬೇಡಿ.

ಬುಟ್ಟಿಯೊಳಗೆ ಒಂದು ಚೀಟಿ ಇರಲಿ: ಏನೇನಿದೆ, ಎಷ್ಟೆಷ್ಟಿದೆ, ಯಾವುದನ್ನು ಮೊದಲು ಬಳಸಬೇಕು. ಸೊಪ್ಪು ಅವತ್ತೇ ಅಥವಾ ಮರುದಿನ, ಬೆಂಡೆ ಬೀನ್ಸ್ ಮೂರು ದಿನದೊಳಗೆ, ಕುಂಬಳ ಗೆಣಸು ವಾರದ ಕೊನೆಗೆ. ಗೆಣಸು, ಈರುಳ್ಳಿ ಫ್ರಿಜ್ಜಿಗೆ ಬೇಡ ಎಂದು ಪ್ರತಿ ಸಲವೂ ಬರೆಯಿರಿ. ಫ್ರಿಜ್ಜಿನ ಚಳಿಗೆ ಗೆಣಸಿನ ನಡುಭಾಗ ಬೇಯದೆ ಗಟ್ಟಿಯಾಗಿ ಉಳಿಯುತ್ತದೆ.

ಮಳೆ ಹಿಡಿದಾಗ

ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂರು ನಾಲ್ಕು ದಿನ ಬಿಸಿಲೇ ಕಾಣದ ಜಡಿ ಹಿಡಿಯುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ಬಂದ ದಿನವೇ ಟೊಮ್ಯಾಟೊವನ್ನು ಬಣ್ಣ ತಿರುಗಲು ಶುರುವಾದ ಹಂತದಲ್ಲಿ ಬಿಡಿಸಿ ಒಳಗೆ ಹರಡಿ, ಬಲಿತ ಬೀನ್ಸ್ ಕೊಯ್ಯಿರಿ, ಕಣದ ಕಡಲೆಕಾಯಿ ಎತ್ತಿ. ಗೆಣಸಿನ ಸಾಲು ಮುಟ್ಟಬೇಡಿ. ಕೆಸರಿನಲ್ಲಿ ಕಿತ್ತ ಗೆಡ್ಡೆಗೆ ಮಣ್ಣು ಮೆತ್ತಿ ಹದವಾಗುವುದೇ ಇಲ್ಲ. ಸಾಲುಗಳ ನಡುವೆ ನೀರು ನಿಲ್ಲದಂತೆ ಕಾಲುವೆ ತೆಗೆಯುವುದು ಆ ಹೊತ್ತಿನ ಮುಖ್ಯ ಕೆಲಸ.

ಆ ವಾರದ ಬುಟ್ಟಿಯಲ್ಲಿ ಸೊಪ್ಪು ಇರುವುದಿಲ್ಲ, ಕುಂಬಳ, ಹದವಾದ ಗೆಣಸು, ಈರುಳ್ಳಿ ಹೆಚ್ಚಿರುತ್ತವೆ. ಬುಟ್ಟಿಯ ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಪಟ್ಟಿ ಹಾಕಿ, ಏನಿಲ್ಲ, ಯಾಕಿಲ್ಲ ಎಂದು ತಿಳಿಸಿ. ಲಾಭದಲ್ಲಿ ಪಾಲಿರುವಂತೆ ಮಳೆಯ ನಷ್ಟದಲ್ಲೂ ಪಾಲುದಾರರಿಗೆ ಪಾಲಿದೆ, ಹಂಗಾಮಿನ ಮೊದಲೇ ಅದನ್ನು ಬಾಯಿಬಿಟ್ಟು ಹೇಳಿರಬೇಕು. ಮಾರ್ಕೆಟ್ಟಿನಿಂದ ತರಕಾರಿ ತಂದು ತೋಟದ್ದೆಂಬಂತೆ ಬುಟ್ಟಿ ತುಂಬಿಸುವುದು ಮಾತ್ರ ಯಾವ ಕಾರಣಕ್ಕೂ ಆಗಬಾರದು. ಅದು ಮೋಸ. ಪಕ್ಕದ ತೋಟದವರಿಂದ ಕೊಂಡು ಕೊಟ್ಟರೆ ಯಾವುದು ಎಲ್ಲಿಂದ ಬಂತು, ಅವರು ಏನು ಸಿಂಪಡಿಸುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆಯಿರಿ.

ಪಾಲುದಾರರು ಕೀಳಲು ಬರುವ ದಿನ

ಗೆಣಸು ಅಥವಾ ಕಡಲೆಕಾಯಿ ಕೀಳುವ ಒಂದು ಭಾನುವಾರ ಪಾಲುದಾರ ಮನೆಗಳನ್ನು ಕರೆಯುವುದು ಒಳ್ಳೆಯ ರೂಢಿ. ತಮ್ಮ ಕೈಯಿಂದ ಗೆಡ್ಡೆ ಬಗೆದವರು ಸೊಟ್ಟ ಗೆಣಸಿಗೆ ಮೂಗು ಮುರಿಯುವುದಿಲ್ಲ. ಒಮ್ಮೆಗೆ 10 ಮನೆಗಿಂತ ಹೆಚ್ಚು ಬೇಡ, ಐದು ಜನಕ್ಕೆ ಕೆಲಸ ಬಲ್ಲ ಒಬ್ಬರು ಜೊತೆಗಿರಬೇಕು. ಗುದ್ದಲಿ, ಕುಡುಗೋಲನ್ನು ಹೊಸಬರ ಕೈಗೆ ಕೊಡಬೇಡಿ. ಆಳುಗಳು ಮಣ್ಣು ಎಬ್ಬಿಸುತ್ತಾ ಮುಂದೆ ಹೋಗಲಿ, ಬಂದವರು ಹಿಂದಿನಿಂದ ಆರಿಸಲಿ, ಮಕ್ಕಳಿಗೆ ಕಡಲೆಕಾಯಿ ಬಿಡಿಸುವ ಕೆಲಸ ಕೊಡಿ. ರಾತ್ರಿಯಿಡೀ ಬಿದ್ದಿದ್ದ ಬಳ್ಳಿ ರಾಶಿ, ಗಿಡದ ಮೆದೆಗೆ ಕೈ ಹಾಕುವ ಮುಂಚೆ ಉದ್ದನೆಯ ಕೋಲಿನಿಂದ ಕೆದಕಿ ನೋಡಿ, ಇಲಿ ಬಂದ ಕಡೆ ಹಾವು ಬರುತ್ತದೆ. ಕಾಲಿಗೆ ಮುಚ್ಚಿದ ಬೂಟು ಕಡ್ಡಾಯ ಎಂದು ಮೊದಲೇ ತಿಳಿಸಿ. ಬೆಳಿಗ್ಗೆ ಏಳಕ್ಕೆ ಶುರುಮಾಡಿ ಹತ್ತೂವರೆಗೆ ನಿಲ್ಲಿಸಿ. ಕಿತ್ತದ್ದನ್ನೆಲ್ಲ ಮನೆಗೆ ಹೊರಡುವವರ ಚೀಲಕ್ಕೆ ಹಾಕದೆ ತೂಗಿ, ಪುಸ್ತಕಕ್ಕೆ ಬರೆದು, ಅವತ್ತು ಬರಲಾಗದ 30 ಮನೆಗಳ ಪಾಲು ತೆಗೆದಿಟ್ಟ ಮೇಲೆ ಹಂಚಿ.